ಮೂವತ್ತೆರಡನೆಯ ವರ್ಗ

ಕ್ರಿ.ಶ. ೨೦೫೧ನೆಯ ಇಸವಿ ಮಾರ್ಚ್ ೧೪, ಮಂಗಳವಾರ. ಆ ದಿನ ಬೆಳಿಗ್ಗೆ ಹತ್ತು ಗಂಟೆಗೆ ಕನ್ನಡ ಜನಕೋಶದಲ್ಲಿ ೬೧,೪೦೮ ವರ್ಗಗಳಿದ್ದವು. ಹತ್ತು ಗಂಟೆ ಐದು ನಿಮಿಷಕ್ಕೆ ೬೧,೪೦೭ ಉಳಿದವು. ಆ ಒಂದನ್ನು ಕಳೆದವರು ವಾಡಿ ಜಂಕ್ಷನ್ನಿನ ಕಸ್ತೂರಿಬಾಯಿ.

ಜನಕೋಶವೆಂದರೆ ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ, ಸಂಬಳವಿಲ್ಲದವರು ಕೂಡಿ ಕಟ್ಟಿದ ವಿಶ್ವಕೋಶ. ಅದಕ್ಕೆ ಲೇಖನ ಬರೆಯುವವರು ಸಾವಿರಾರು ಜನ. ಬರೆದದ್ದನ್ನು ವಿಂಗಡಿಸಿ ಒಂದೊಂದರ ಅಡಿಗೂ ತಕ್ಕ ವರ್ಗದ ಹೆಸರು ಕಟ್ಟುವವರು ಎರಡು ಕೈಯ ಬೆರಳುಗಳಿಗೆ ಮುಗಿಯುತ್ತಿದ್ದರು. ಅವರಲ್ಲಿ ಮೊದಲಿಗಳು ಕಸ್ತೂರಿಬಾಯಿ. ವಯಸ್ಸು ಅರವತ್ತೊಂದು. ಮೂವತ್ತನಾಲ್ಕು ವರ್ಷ ವಾಡಿಯ ರೈಲ್ವೆ ಯಾರ್ಡಿನಲ್ಲಿ ಗೂಡ್ಸ್ ಡಬ್ಬಿಗಳಿಗೆ ಚೀಟಿ ಹಚ್ಚಿದ ಕೈ ಅದು. ಒಂದು ಡಬ್ಬಿಗೆ ಒಂದು ಚೀಟಿ, ಒಂದು ಚೀಟಿಯಲ್ಲಿ ಒಂದು ಊರು. ಚೀಟಿ ತಪ್ಪಿದರೆ ಸೋಲಾಪುರದ ಸಿಮೆಂಟು ಗುಂತಕಲ್ಲಿನಲ್ಲಿ ಇಳಿಯುತ್ತದೆ. ಇದನ್ನು ಬಲ್ಲವಳಿಗೆ ಜನಕೋಶದ ಅಸ್ತವ್ಯಸ್ತ ಹೆಸರುಗಳನ್ನು ಕಂಡು ಕೈ ಸುಮ್ಮನಿರಲಿಲ್ಲ.

ಹನ್ನೊಂದು ವರ್ಷಗಳ ಹಿಂದೆ ಹೆಸರಿಡುವ ನಿಯಮಗಳನ್ನು ಬರೆದವಳೂ ಅವಳೇ. ಒಂದು ವಸ್ತುವಿಗೆ ಒಂದೇ ಹೆಸರು. ಒಂದೇ ಹಂತದ ವರ್ಗಗಳೆಲ್ಲವನ್ನೂ ಒಂದೇ ಆಧಾರದ ಮೇಲೆ ಹೆಸರಿಸತಕ್ಕದ್ದು. ಹೆಸರು ಬದಲಿಸುವ ಮುನ್ನ ಇಪ್ಪತ್ತೊಂದು ದಿನ ಚರ್ಚೆ. ಚರ್ಚೆಯಲ್ಲಿ ತೀರ್ಮಾನವಾದ ಹೆಸರನ್ನು ನೂರ ಎಂಬತ್ತು ದಿನ ಮುಟ್ಟಕೂಡದು. ಈ ಕೊನೆಯದು ಹುಟ್ಟಿದ್ದು ಒಂದು ಜಗಳದಿಂದ. ಸಿಹಿ ತಿನಿಸುಗಳೋ ಸಿಹಿ ತಿಂಡಿಗಳೋ ಎಂದು ಇಬ್ಬರು ಸಜ್ಜನರು ಒಂದೇ ತಿಂಗಳಲ್ಲಿ ಒಂದು ವರ್ಗದ ಹೆಸರನ್ನು ಹದಿನೇಳು ಸಲ ಬದಲಿಸಿದ್ದರು.

ಇನ್ನೊಂದು ವಾಡಿಕೆಯೂ ಇತ್ತು. ಚರ್ಚೆಯಲ್ಲಿ ಯಾರು ಆಕ್ಷೇಪ ಬರೆದರೂ ಅದರ ಪಕ್ಕದಲ್ಲಿ ‘ಉತ್ತರ ಬಾಕಿ’ ಎಂಬ ಕೆಂಪು ಗುರುತು ತಾನಾಗಿ ಬೀಳುತ್ತಿತ್ತು. ಪ್ರಸ್ತಾಪ ಮಾಡಿದವರು ಉತ್ತರ ಬರೆದಾಗ ಮಾತ್ರ ಅದು ಅಳಿಯುವುದು. ಕಸ್ತೂರಿಬಾಯಿಯ ಹೆಸರಿನಲ್ಲಿ ಹನ್ನೊಂದು ವರ್ಷಗಳಲ್ಲಿ ಉಳಿದ ಬಾಕಿ ಸೊನ್ನೆ.

ಅಂದು ತೀರ್ಮಾನವಾದದ್ದು ರೋಗಗಳ ವಿಷಯ. ‘ರೋಗಗಳು’ ಎಂಬುದರ ಅಡಿಯಲ್ಲಿ ಮೂವತ್ತೆರಡು ವರ್ಗಗಳು. ಹೃದಯದ ರೋಗಗಳು, ಮೂತ್ರಪಿಂಡದ ರೋಗಗಳು, ಶ್ವಾಸಕೋಶದ ರೋಗಗಳು ಎಂದು ಮೂವತ್ತೊಂದಕ್ಕೆ ಅಂಗದ ಹೆಸರು. ಒಂದಕ್ಕೆ ಮಾತ್ರ ಕಾರಣದ ಹೆಸರು: ‘ಕಲ್ಲುಧೂಳಿನ ರೋಗಗಳು’. ಅದರಲ್ಲಿದ್ದ ಲೇಖನಗಳು ಮೂರೇ. ಆ ಮೂರನ್ನೂ ‘ಶ್ವಾಸಕೋಶದ ರೋಗಗಳು’ ವರ್ಗಕ್ಕೆ ಸೇರಿಸಿ ಒಂಟಿಯಾಗಿದ್ದದ್ದನ್ನು ತೆಗೆದುಹಾಕುವುದೆಂದು ಅವಳ ಪ್ರಸ್ತಾಪ. ಪರವಾಗಿ ಐವರು. ವಿರೋಧವಾಗಿ ಒಂದೇ ಒಂದು ಸಾಲು, ಹೆಸರು ಹಾಕದ ಯಾರೋ ಬರೆದದ್ದು: ‘ಈ ಹೆಸರು ಹೋದರೆ ರೋಗ ಎಲ್ಲಿಂದ ಬಂತು ಅನ್ನುವುದೂ ಹೋಗುತ್ತದೆ.’ ಕಸ್ತೂರಿಬಾಯಿ ಅದರ ಕೆಳಗೆ, ‘ವರ್ಗದ ಹೆಸರು ವಸ್ತುವನ್ನು ಗುರುತಿಸಬೇಕು, ದೂರು ಹೇಳಬಾರದು’ ಎಂದು ಬರೆದಳು. ಕೆಂಪು ಗುರುತು ಅಳಿಯಿತು.

ಒಳಕೋಣೆಯಿಂದ ತಮ್ಮ ಸಾಬಣ್ಣ ಗೋಡೆ ಹಿಡಿದುಕೊಂಡು ಬಂದ. ಇಪ್ಪತ್ತೊಂಬತ್ತು ವರ್ಷ ಶಹಾಬಾದ್ ಕಲ್ಲಿನ ಖಣಿಯಲ್ಲಿ ಹಾಸುಗಲ್ಲು ಸೀಳಿ, ಪಾಲಿಶ್ ಹಿಡಿದವನು. ಹೆಂಡತಿ ತೀರಿದ ಮೇಲೆ ಅಕ್ಕನ ಮನೆಯೇ ಅವನ ಮನೆ.

‘ಏನ್ ಎಣಸ್ಲತ್ತಿದಿ ಅಕ್ಕಾ? ನೌಕರಿ ಬಿಟ್ರೂ ಡಬ್ಬಿ ಎಣಸೂದು ಬಿಡವಲ್ಲಿ.’

‘ಮೂವತ್ತೊಂದು ಡಬ್ಬಿ ಒಂದ್ ಕಡಿ ಮುಖ ಮಾಡಿ ನಿಂತಿದ್ವು. ಒಂದು ತಿರುಗಿ ನಿಂತಿತ್ತು. ಅದನ್ನ ಸರಿ ಮಾಡ್ದೆ.’

‘ತಿರುಗಿ ನಿಂತದ್ದು ಯಾವ್ದು?’

‘ಕಲ್ಲುಧೂಳಿಂದು.’

ಸಾಬಣ್ಣ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ನಾಲ್ಕು ನಿಮಿಷ ಹಿಡಿಯಿತು. ‘ನಮ್ ಡಬ್ಬಿ ಎಲ್ಲಿ ಹೋದ್ರೂ ತಿರುಗೇ ನಿಂತಿರ್ತದ ಬಿಡು,’ ಎಂದು ಹೇಳಿ ನೀರು ಕುಡಿದು ಒಳಗೆ ಹೋದ.

ಅವನ ಎದೆಯೊಳಗೆ ಕಲ್ಲಿನ ಪುಡಿ ಇತ್ತು. ಹಿಂದಿನ ಕಾಲದಲ್ಲಾಗಿದ್ದರೆ ಅದಕ್ಕೆ ಮದ್ದಿರಲಿಲ್ಲ. ಈಗ ಕಲಬುರಗಿಯ ದೊಡ್ಡ ಆಸ್ಪತ್ರೆಯಲ್ಲಿ ಎರಡು ತೊಳೆಯಂತ್ರಗಳಿದ್ದವು. ರೋಗಿಯನ್ನು ಮಲಗಿಸಿ, ಒಂದು ಶ್ವಾಸಕೋಶ ಉಸಿರಾಡುತ್ತಿರುವಾಗ ಇನ್ನೊಂದಕ್ಕೆ ಔಷಧದ ನೀರು ತುಂಬುತ್ತಿದ್ದರು. ಆ ನೀರಿನಲ್ಲಿ ಕಣ್ಣಿಗೆ ಕಾಣದ ಅಂಟುಕಣಗಳು. ಅವು ಕಲ್ಲಿನ ಪುಡಿಯನ್ನು ಹುಡುಕಿ ಹಿಡಿದು ನೀರಿನ ಜೊತೆ ಹೊರಗೆ ಬರುತ್ತಿದ್ದವು. ಒಟ್ಟು ಆರು ತೊಳೆತ, ನಲವತ್ತು ದಿನಕ್ಕೊಂದು. ಎರಡರ ನಡುವೆ ತೊಂಬತ್ತು ದಿನ ಮೀರಿದರೆ ಉಳಿದ ಪುಡಿ ಮಾಂಸದೊಳಗೆ ಗಟ್ಟಿ ಕೂತು, ಮುಂದೆ ಯಾವ ಯಂತ್ರಕ್ಕೂ ಬಗ್ಗುತ್ತಿರಲಿಲ್ಲ. ಸಾಬಣ್ಣನಿಗೆ ನಾಲ್ಕು ಆಗಿದ್ದವು. ನಾಲ್ಕನೆಯದು ಫೆಬ್ರವರಿ ೨೩ರಂದು. ಐದನೆಯದರ ದಿನ ಏಪ್ರಿಲ್ ೪.

ಏಪ್ರಿಲ್ ೪ರ ಬೆಳಿಗ್ಗೆ ಅಕ್ಕ ತಮ್ಮ ಇಬ್ಬರೂ ರೈಲು ಹತ್ತಿ ಕಲಬುರಗಿಯಲ್ಲಿ ಇಳಿದರು. ತೊಳೆಯಂತ್ರದ ಕೋಣೆಯ ಹೊರಗೆ ಎಂದಿನಂತೆ ಬೆಂಚು. ಬೆಂಚಿನ ತುಂಬ ಸೇಡಂ, ಚಿತ್ತಾಪುರ ಕಡೆಯ ಖಣಿಯವರು; ಅವರಿಗೆಂದೇ ಕಾರ್ಮಿಕರ ಬೇರೆ ಸಾಲಿತ್ತು. ಎಂದಿನಂತೆ ಇಲ್ಲದ್ದು ಒಂದೇ: ಯಾರನ್ನೂ ಒಳಗೆ ಕರೆಯುತ್ತಿರಲಿಲ್ಲ. ಯಂತ್ರ ನಡೆಸುವ ಶಮೀಮಬಾನು ಪರದೆಯ ಮುಂದೆ ತಲೆಗೆ ಕೈಕೊಟ್ಟು ಕುಳಿತಿದ್ದಳು.

‘ಸಾಬಣ್ಣ ಕಾಕಾ, ನಿಮ್ ಹೆಸರು ಕಾರ್ಮಿಕರ ಸಾಲಿನಾಗ ಇಲ್ರಿ. ನಿಮ್ದು ಹಿಡ್ದು ನೂರಾ ಐವತ್ತೆಂಟು ಮಂದೀದೂ ಇಲ್ಲ. ಒಂದನೇ ತಾರೀಖಿನಿಂದ ಹಿಂಗೇ ಅದ. ಸಾಮಾನ್ಯ ಸಾಲಿಗಿ ಹೋಗೀರಿ.’

‘ಸಾಮಾನ್ಯ ಸಾಲಿನಾಗ ನಂಬರ್ ಎಷ್ಟವ್ವಾ?’

‘ಎರಡ್ ಸಾವಿರದ ಮುನ್ನೂರಾ ಹದಿನಾರು.’

ಕಸ್ತೂರಿಬಾಯಿ ಮನಸ್ಸಿನಲ್ಲೇ ಭಾಗಿಸಿದಳು. ಎರಡು ಯಂತ್ರ, ದಿನಕ್ಕೆ ಮೂರು ಮೂರು, ಒಟ್ಟು ಆರು. ಮುನ್ನೂರ ಎಂಬತ್ತಾರು ದಿನ. ಭಾಗಾಕಾರ ಶೇಷವಿಲ್ಲದೆ ಮುಗಿಯಿತು. ತಮ್ಮನ ತೊಂಬತ್ತು ದಿನ ಮುಗಿಯುವುದು ಮೇ ೨೪ಕ್ಕೆ. ಇನ್ನು ಐವತ್ತು ದಿನ.

‘ಡಾಕ್ಟರ್ ಬರ್ದು ಕೊಟ್ರ?’

‘ಡಾಕ್ಟರ್ ಸಹಿಗಿ ಈಗೆಲ್ಲಿ ಬೆಲಿ ಅದ ಅಕ್ಕಾ? ನಿರ್ಣಯಯಂತ್ರ ಹೂಂ ಅಂದ್ರನೇ ಈ ಬಾಗಿಲು ತೆರೀತದ. ಬರ್ರಿ, ನೀವೇ ನೋಡ್ರಿ.’

ನಿರ್ಣಯಯಂತ್ರದ ಕಥೆ ಉದ್ದವಿಲ್ಲ. ಯಾರಿಗೆ ಯಾವ ಸೌಲಭ್ಯ ಸಲ್ಲುತ್ತದೆಂಬುದನ್ನು ಯಂತ್ರವೇ ಹೇಳಲೆಂದು ಸರ್ಕಾರ ತೀರ್ಮಾನಿಸಿದಾಗ, ಒಂದೊಂದು ಇಲಾಖೆಯ ರೋಗಪಟ್ಟಿಯೂ ಒಂದೊಂದು ತೆರನಾಗಿತ್ತು. ಆರೋಗ್ಯದವರಲ್ಲಿ ಒಂಬೈನೂರು ಹೆಸರು, ಕಾರ್ಮಿಕ ಇಲಾಖೆಯವರಲ್ಲಿ ಸಾವಿರದ ನೂರು, ಎರಡಕ್ಕೂ ಹೊಂದುವವು ನಾನೂರ ಹನ್ನೆರಡು. ಕನ್ನಡದಲ್ಲಿ ಒಳವಿರೋಧವಿಲ್ಲದ ಪಟ್ಟಿ ಇದ್ದದ್ದು ಒಂದೇ ಕಡೆ, ಜನಕೋಶದಲ್ಲಿ. ಪುಕ್ಕಟೆಯಾಗಿ ಸಿಗುವ ಅದನ್ನೇ ಆಧಾರ ಮಾಡಿಕೊಂಡರು. ರೋಗದ ಹೆಸರು ಕೊಟ್ಟರೆ ಸಾಕು, ಯಂತ್ರವು ಆ ಲೇಖನದಿಂದ ಅದರ ವರ್ಗಕ್ಕೆ, ವರ್ಗದಿಂದ ಮೇಲಿನ ವರ್ಗಕ್ಕೆ ಏಣಿ ಹತ್ತಿದಂತೆ ಹತ್ತಿ, ಯಾವ ಕಾಯಿದೆ ತಲುಪುತ್ತದೋ ಅದನ್ನು ಅನ್ವಯಿಸುತ್ತಿತ್ತು. ತಿಂಗಳ ಮೊದಲ ತಾರೀಖಿಗೊಮ್ಮೆ ಜನಕೋಶವನ್ನು ಹೊಸದಾಗಿ ಓದಿಕೊಳ್ಳುತ್ತಿತ್ತು. ಈ ಸುದ್ದಿ ಬಂದ ವರ್ಷ ಕಸ್ತೂರಿಬಾಯಿ ಓಣಿಗೆಲ್ಲ ಪೇಢೆ ಹಂಚಿದ್ದಳು.

ಶಮೀಮಬಾನು ಪರದೆಯ ಮೇಲೆ ಬೆರಳಿಟ್ಟಳು. ‘ಮೊದ್ಲ ಏಣಿ ಹಿಂಗಿತ್ತು. ಕಲ್ಲುಧೂಳಿನ ರೋಗಗಳು, ಅದರ ಮ್ಯಾಲ ಒಂದ್ ಕಡಿ ರೋಗಗಳು, ಇನ್ನೊಂದ್ ಕಡಿ ದುಡಿಮೆಯ ಅಪಾಯಗಳು, ಅದರ ಮ್ಯಾಲ ಕಾರ್ಮಿಕ ಕಾಯಿದೆ. ಈಗ ನೋಡ್ರಿ, ಶ್ವಾಸಕೋಶದ ರೋಗಗಳು, ಅದರ ಮ್ಯಾಲ ರೋಗಗಳು. ಅಲ್ಲಿಗಿ ಏಣಿ ಮುಗೀತು. ಯಾರೋ ಪುಣ್ಯಾತ್ಮರು ನಡುವಿನ ಮೆಟ್ಟಲಾ ಕಿತ್ತಾರ. ಅವರ ಮನ್ಯಾಗ ಕೆಮ್ಮವ್ರು ಯಾರೂ ಇಲ್ಲ ಕಾಣಸ್ತದ.’

ಬೆಂಚಿನ ಮೇಲಿನಿಂದ ಸಾಬಣ್ಣ ಕೆಮ್ಮಿದ. ಕಸ್ತೂರಿಬಾಯಿ ಒಂದು ಹಾಳೆ ತೆಗೆದುಕೊಂಡಳು. ಇಲಾಖೆಗೆ ಒಂದು ಅರ್ಜಿ ಬರೆದು ಅಲ್ಲಿಯೇ ಕೊಟ್ಟಳು. ಅದಕ್ಕೆ ಮೂವತ್ತಮೂರು ದಿನಗಳ ಮೇಲೆ ಉತ್ತರ ಬಂತು: ‘ಹೆಸರಿಸುವ ಅಧಿಕಾರ ಇಲಾಖೆಗೆ ಇರುವುದಿಲ್ಲ.’

ಮರಳುವ ರೈಲಿನಲ್ಲಿ ಸಾಬಣ್ಣ ಕಿಟಕಿಗೆ ತಲೆಯಾನಿಸಿದ್ದ. ಶಹಾಬಾದ್ ದಾಟಿದ ಮೇಲೆ ಅವಳು ಹೇಳಿದಳು: ‘ಮೆಟ್ಟಲಾ ಕಿತ್ತಾಕಿ ನಾನೇ.’

‘ಗೊತ್ತದ.’

‘ಹ್ಯಾಂಗ್ ಗೊತ್ತು?’

‘ಬ್ಯಾಡ ಅಂತ ಬರ್ದಾಂವ ನಾನೇ ಅಲ್ಲ? ಫೆಬ್ರವರಿ ಇಪ್ಪತ್ಮೂರಕ್ಕ, ಆಸ್ಪತ್ರಿ ಕಂಪ್ಯೂಟರಿನಾಗ. ನನ್ ಪಾಳಿ ಬರಾಕ ಇನ್ನಾ ತಡ ಇತ್ತು. ನೀ ಏನ್ ಮಾಡ್ಲತ್ತಿ ನೋಡೋಣು ಅಂತ ತೆಗದೆ. ಶಮೀಮಾನ ಕೈಲಿ ನಾಕ್ ಅಕ್ಷರ ತಿದ್ಸಿ ಹಾಕ್ದೆ. ಪ್ರಸ್ತಾಪ ಯಾರ್ದು ಅಂತ ಆಕಿಗಿ ಹೇಳ್ಲಿಲ್ಲ.’

‘ಹೆಸರು ಯಾಕ ಹಾಕ್ಲಿಲ್ಲೋ?’

‘ಹಾಕಿದ್ರ ತಮ್ಮ ಅಂದಾನಂತ ಕೇಳ್ತಿದ್ದಿ. ಮಾತು ಖರೇ ಇದ್ರ ಕೇಳ್ತಾಳ, ಇಲ್ಲಂದ್ರ ಬಿಡ್ತಾಳ ಅಂದ್ಕೊಂಡೆ.’

ಅವಳಿಗೆ ತಾನು ಕೊಟ್ಟ ಉತ್ತರ ನೆನಪಾಯಿತು. ದೂರು ಹೇಳಬಾರದು. ಆ ಉತ್ತರವೆಲ್ಲ ಸೇರಿ ಆರು ಪದ. ಅದನ್ನು ಬರೆಯಲು ಒಂದು ನಿಮಿಷವೂ ಹಿಡಿದಿರಲಿಲ್ಲ.

ಮನೆಗೆ ಬಂದು ರೊಟ್ಟಿ ತಟ್ಟುವಾಗ ಸಾಬಣ್ಣ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತ. ತೆಗೆದದ್ದನ್ನು ಮತ್ತೆ ಇಡುವುದು ಎಷ್ಟು ಕಷ್ಟ ಎಂದು ಕೇಳಿದ. ಒಂದು ಗುಂಡಿ ಒತ್ತುವಷ್ಟು, ಎಂದಳು ಅವಳು. ಜನಕೋಶದ ಮೇಲ್ವಿಚಾರಕರು ಎಂಟು ಜನ. ಆ ಎಂಟರಲ್ಲಿ ತಾನೂ ಒಬ್ಬಳು. ಆದರೆ ನೂರ ಎಂಬತ್ತು ದಿನ ಮುಟ್ಟಕೂಡದು. ಸೆಪ್ಟೆಂಬರ್ ೧೦ರವರೆಗೆ. ಅದಕ್ಕೆ ಮುಂಚೆ ಬೇಕಿದ್ದರೆ ವಿನಾಯಿತಿ ಕೇಳಿ, ಮತ್ತೆ ಇಪ್ಪತ್ತೊಂದು ದಿನ ಚರ್ಚಿಸಿ, ಮುಕ್ಕಾಲು ಭಾಗ ಮತ ಪಡೆಯಬೇಕು.

‘ಹಂಗಾದ್ರ ಕೇಳು. ಎಲ್ಲಾರ್ನೂ ಕೇಳು. ಗುಂಡಿ ಒತ್ತಬ್ಯಾಡ.’

‘ನಿನ್ ಎದಿ ಸುಡ್ಲತ್ತದ, ನನಗ ನಿಯಮ ಹೇಳ್ತಿ?’

‘ಕಲ್ಲಿನ ಎಳಿ ನೋಡಿ ಚಾಣ ಇಡಬೇಕು ಅಕ್ಕಾ. ಅವಸರಾ ಮಾಡಿ ಎಳಿ ಬಿಟ್ಟು ಬಡದ್ರ ಇಡೀ ಹಾಸು ಒಡೀತದ. ನಾ ನೋಡೀನಿ.’

ಅವಳು ಇನ್ನೊಂದು ರೊಟ್ಟಿ ತಟ್ಟಿದಳು. ಹನ್ನೊಂದು ವರ್ಷಗಳಲ್ಲಿ ಅವಳ ಬಳಿ ವಿನಾಯಿತಿ ಬೇಡಿದವರು ನಲವತ್ತಮೂರು ಜನ. ಇಳಕಲ್ಲಿನ ನೇಕಾರಳೊಬ್ಬಳು, ಸೆರಗಿನ ಬಗೆಗಳಿಗೆ ಬೇರೆಯೇ ವರ್ಗವಿರಲಿ, ‘ಬಟ್ಟೆಗಳು’ ಎಂಬ ರಾಶಿಯಲ್ಲಿ ಅವು ಕಳೆದುಹೋಗುತ್ತವೆ ಎಂದು ಮೂರು ಪುಟ ಬರೆದಿದ್ದಳು. ಆ ನಲವತ್ತಮೂರು ಜನರಲ್ಲಿ ಒಬ್ಬರಿಗೂ ಅವಳು ವಿನಾಯಿತಿ ಕೊಟ್ಟಿರಲಿಲ್ಲ. ಈಗ ಅವರೆದುರು ತಾನು ಕೈಯೊಡ್ಡಬೇಕು.

ಏಪ್ರಿಲ್ ೫, ಬುಧವಾರ. ಬೆಳಿಗ್ಗೆ ಏಳಕ್ಕೆ ಸಾಬಣ್ಣ ಬಚ್ಚಲಲ್ಲಿ ಉಗುಳಿದ್ದರಲ್ಲಿ ಅವಳಿಗೆ ರಕ್ತದ ಎಳೆ ಕಾಣಿಸಿತು. ಏಳೂ ಹತ್ತಕ್ಕೆ ಅವಳು ಗುಂಡಿ ಒತ್ತಿದಳು. ‘ಕಲ್ಲುಧೂಳಿನ ರೋಗಗಳು’ ಮರಳಿ ಬಂತು. ಮೂರು ಲೇಖನಗಳೂ ತಮ್ಮ ಹಳೆಯ ಮೆಟ್ಟಿಲ ಮೇಲೆ ನಿಂತವು. ಅವಳು ಎರಡು ಕೈಯಿಂದಲೂ ಮುಖ ಒರೆಸಿಕೊಂಡಳು.

ಏಳೂ ಇಪ್ಪತ್ತೊಂದಕ್ಕೆ ಮೂರೂ ಮತ್ತೆ ಕೆಳಗಿಳಿದವು. ಏಳೂವರೆಗೆ ಫೋನು ಬಂತು. ಅವನ್ನು ಇಳಿಸಿದವನು, ಮೂಡುಬಿದಿರೆಯ ಪದ್ಮಪ್ರಭ. ಎಂಟು ಮೇಲ್ವಿಚಾರಕರಲ್ಲಿ ಕಿರಿಯವನು, ವರ್ಗೀಕರಣದ ಮೊದಲ ಪಾಠವನ್ನು ಅವಳಿಂದಲೇ ಕಲಿತವನು.

‘ಮೇಡಂ, ಗುಂಡಿ ಒತ್ತಿದ್ದು ನೀವೇ ಹೌದಾ? ಬೇರೆ ಯಾರಾದ್ರೂ ನಿಮ್ಮ ಹೆಸರಲ್ಲಿ ಹೊಕ್ಕಿದ್ದಾ ಅಂತ ಸಂಶಯ ಬಂತು.’

‘ನಾನೇ.’ ಅವಳು ಎಲ್ಲವನ್ನೂ ಹೇಳಿದಳು: ಏಣಿ, ನೂರ ಐವತ್ತೆಂಟು ಜನ, ತಮ್ಮ, ಮೇ ೨೪.

‘ನನಗೆ ತುಂಬ ಬೇಜಾರುಂಟು ಮೇಡಂ. ಆದರೆ ಒಂಬತ್ತನೇ ನಿಯಮ ಉಂಟಲ್ಲ, ನಾನೇನು ಮಾಡಲಿ? ತೀರ್ಮಾನವಾದ ಹೆಸರನ್ನು ಮೇಲ್ವಿಚಾರಕರೇ ಮುರಿದರೆ ಮೂವತ್ತು ದಿನ ಅಧಿಕಾರವೂ ಇಲ್ಲ, ಮತವೂ ಇಲ್ಲ. ಆ ತಡೆಯನ್ನು ಜನಕೋಶವೇ ತಾನಾಗಿ ಹಾಕ್ತದೆ. ಬರೆದದ್ದೂ ನೀವೇ.’

‘ಹೌದು, ನಾನೇ.’

‘ವಿನಾಯಿತಿಯ ಚರ್ಚೆ ನಾಳೆಯೇ ತೆಗೆಯುವ. ಪ್ರಸ್ತಾಪಕ್ಕೆ ಅಡ್ಡಿ ಇಲ್ಲ. ಇಪ್ಪತ್ತೇಳಕ್ಕೆ ಮುಗಿದರೆ ಮೇ ಒಂದಕ್ಕೆ ಅವರ ಯಂತ್ರ ಓದ್ತದೆ. ಸಮಯ ಉಂಟು. ಮೊದಲ ಮತ ನನ್ನದೇ ಹಾಕ್ತೇನೆ, ನಿಮ್ಮ ಪರ.’

ಅವನು ಮಾತಿಗೆ ತಪ್ಪಲಿಲ್ಲ. ಏಪ್ರಿಲ್ ೬ರಂದು ತೆರೆದ ಪುಟದಲ್ಲಿ ಮೊದಲ ಮತ ಅವನದೇ. ಕಸ್ತೂರಿಬಾಯಿ ಪ್ರಸ್ತಾಪವನ್ನು ಹನ್ನೆರಡು ಸಾಲಿನಲ್ಲಿ ಬರೆದಳು. ತಮ್ಮನ ವಿಷಯ ಅದರಲ್ಲಿ ತರಲಿಲ್ಲ. ಚರ್ಚೆಯ ಪುಟದ ಹೊರಗೆ ಯಾರಲ್ಲಾದರೂ ಮತ ಬೇಡುವುದು ನಿಯಮಕ್ಕೆ ವಿರುದ್ಧ. ಯಾರ್ಡಿನ ಹಳೆಯ ಜೊತೆಗಾರ ಭೀಮಶಾ ಜನಕೋಶದಲ್ಲಿ ರೈಲು ನಿಲ್ದಾಣಗಳ ಬಗ್ಗೆ ಇನ್ನೂರು ಲೇಖನ ತಿದ್ದಿದವನು, ಮೂರು ಮನೆಯಾಚೆ ಇರುವವನು, ಬಾಗಿಲಲ್ಲಿ ನಿಂತು, ‘ಏನ್ರಿ ಬಾಯಿ, ಇತ್ಲಾಗ ಕಾಣಸವಲ್ರಿ?’ ಎಂದು ಕೇಳಿದ. ಅವಳು ಅವನಿಗೆ ಚಹಾ ಕೊಟ್ಟಳು, ಅವನ ಮೊಣಕಾಲಿನ ನೋವಿನ ಬಗ್ಗೆ ವಿಚಾರಿಸಿದಳು, ಮತದ ಮಾತೆತ್ತದೆ ಕಳಿಸಿಕೊಟ್ಟಳು. ಒಮ್ಮೆ ತಪ್ಪಿದವಳು ಎರಡನೆಯ ಸಲ ತಪ್ಪಲಿಲ್ಲ.

ವಿರೋಧಿಸಿದವರು ಕೆಟ್ಟವರಲ್ಲ. ಒಬ್ಬರು, ಆಸ್ಪತ್ರೆಯ ಬಾಗಿಲು ತೆರೆಯುವುದು ವಿಶ್ವಕೋಶದ ಕೆಲಸವಲ್ಲ, ಇಂದು ರೋಗಕ್ಕೆ ಬಗ್ಗಿದರೆ ನಾಳೆ ರೇಷನ್ನಿಗೂ ತೆರಿಗೆಗೂ ಬಗ್ಗಬೇಕು ಎಂದರು. ಅದರಲ್ಲಿ ಸುಳ್ಳಿಲ್ಲ ಎಂದು ಕಸ್ತೂರಿಬಾಯಿಗೇ ಅನಿಸಿತು. ಇಳಕಲ್ಲಿನ ನೇಕಾರಳು ಈ ಸಲ ಮೂರು ಪುಟ ಬರೆಯಲಿಲ್ಲ. ‘ಆಗ ನನಗಿಲ್ಲದ್ದು ಈಗ ನಿಮಗೆ ಹೇಗೆ ಬಂತು? ವಿರೋಧ’ ಎಂದಷ್ಟೇ ಬರೆದಳು. ಅದರ ಪಕ್ಕದ ಕೆಂಪು ಗುರುತಿಗೆ ಕಸ್ತೂರಿಬಾಯಿ, ‘ಆಗ ನಾನು ಮಾಡಿದ್ದು ತಪ್ಪು’ ಎಂದು ಉತ್ತರಿಸಿದಳು. ಗುರುತು ಅಳಿಯಿತು. ಮತ ಬದಲಾಗಲಿಲ್ಲ.

ಏಪ್ರಿಲ್ ೨೭, ಸಂಜೆ ಐದು ಗಂಟೆ. ಪರ ಇಪ್ಪತ್ತು, ವಿರೋಧ ಏಳು. ಒಟ್ಟು ಇಪ್ಪತ್ತೇಳು, ಅದರ ಮುಕ್ಕಾಲು ಭಾಗ ಇಪ್ಪತ್ತೂಕಾಲು. ಕಾಲು ಮತ ಕಡಿಮೆ. ಪ್ರಸ್ತಾಪ ಬಿತ್ತು. ಒಮ್ಮೆ ಬಿದ್ದ ವಿನಾಯಿತಿಯನ್ನು ಆ ನೂರ ಎಂಬತ್ತು ದಿನ ಮುಗಿಯುವವರೆಗೆ ಮತ್ತೆ ಕೇಳುವಂತಿರಲಿಲ್ಲ.

ಸಾಬಣ್ಣ ಅವಳ ಹೆಗಲ ಹಿಂದಿನಿಂದ ನೋಡುತ್ತಿದ್ದ. ಅವಳು ಒಂದು ಹಾಳೆಯ ಮೇಲೆ ಮತ್ತೊಂದು ಲೆಕ್ಕ ಬರೆದಳು, ಬರೆಯಬಾರದಾಗಿತ್ತು. ತನ್ನದೊಂದು ಮತ ಸೇರಿದ್ದರೆ ಇಪ್ಪತ್ತೆಂಟಕ್ಕೆ ಇಪ್ಪತ್ತೊಂದು. ಸರಿಯಾಗಿ ಮುಕ್ಕಾಲು. ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಹನ್ನೊಂದು ನಿಮಿಷ ಬಾಳಿದ ಆ ಗುಂಡಿ ಆ ಮತವನ್ನು ನುಂಗಿತ್ತು.

‘ಎಳಿ ಬಿಟ್ಟು ಬಡದೆ,’ ಎಂದಳು.

‘ಬಿಡು,’ ಎಂದ ಸಾಬಣ್ಣ. ‘ರೊಟ್ಟಿ ಮಾಡ್ತಿಯೋ, ನಾನೇ ತಟ್ಲೋ? ನಾ ತಟ್ಟಿದ್ರ ಫರ್ಸಿಕಲ್ಲು ಆಗ್ತಾವ, ಮನಿಗಿ ಹಾಸಬೇಕು.’

ಮೇ ೨೪ ಬಂತು, ಹೋಯಿತು. ಜೂನಿನಲ್ಲಿ ಅವನಿಗೆ ಓಣಿಯ ತುದಿಯವರೆಗೆ ನಡೆಯಲು ಆಗುತ್ತಿರಲಿಲ್ಲ, ಜುಲೈಯಲ್ಲಿ ಬಾಗಿಲವರೆಗೆ. ಕೊನೆಕೊನೆಗೆ ಮಾತು ಎರಡು ಪದಕ್ಕಿಂತ ಉದ್ದವಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವಳು ಹಾಸಿಗೆಯ ಪಕ್ಕ ಕುಳಿತು, ‘ಸಾಬ್ಯಾ, ನೀ ಬರ್ದ ಆ ಮಾತಿಗಿ ನಾ ಸರಿ ಉತ್ತರ ಕೊಡ್ಲಿಲ್ಲ’ ಎಂದಳು. ಅವನು ಉಸಿರು ಕೂಡಿಸಿಕೊಂಡು, ‘ಬರ್ದು ಕೊಡು,’ ಎಂದ. ತಮಾಷೆಗೆ ಹೇಳಿದನೋ ನಿಜಕ್ಕೆ ಹೇಳಿದನೋ, ಮುಖ ನೋಡಿದರೆ ತಿಳಿಯುವಂತಿರಲಿಲ್ಲ. ಆಗಸ್ಟ್ ೧೯ರಂದು ತೀರಿಕೊಂಡ. ಮರಣಪತ್ರದಲ್ಲಿ ಕಾರಣದ ಎದುರು ಯಂತ್ರ ಅಚ್ಚುಮಾಡಿದ್ದು: ಶ್ವಾಸಕೋಶದ ರೋಗ. ಸ್ಪಷ್ಟವಾಗಿತ್ತು, ಏಕರೂಪವಾಗಿತ್ತು. ಖಣಿಯ ಸುಳಿವು ಅದರಲ್ಲೆಲ್ಲೂ ಇರಲಿಲ್ಲ.

ಸೆಪ್ಟೆಂಬರ್ ೧೦ಕ್ಕೆ ನೂರ ಎಂಬತ್ತು ದಿನ ಮುಗಿಯಿತು. ಹನ್ನೊಂದರ ಬೆಳಿಗ್ಗೆ ಅವಳು ಹೊಸ ಪ್ರಸ್ತಾಪ ತೆರೆದಳು. ಇಪ್ಪತ್ತೊಂದು ದಿನ. ಅಕ್ಟೋಬರ್ ೨ರಂದು ಪರ ಮೂವತ್ತನಾಲ್ಕು, ವಿರೋಧ ಸೊನ್ನೆ. ಪರವಾದವರಲ್ಲಿ ಇಳಕಲ್ಲಿನ ನೇಕಾರಳೂ ಇದ್ದಳು. ನಿರ್ಣಯಯಂತ್ರ ಜನಕೋಶವನ್ನು ಓದಿಕೊಂಡದ್ದು ಅದರ ಹಿಂದಿನ ದಿನ. ಆದ್ದರಿಂದ ಮತ್ತೊಂದು ತಿಂಗಳು ಕಾಯಬೇಕಾಯಿತು.

ನವೆಂಬರ್ ಒಂದರಂದು ಶಮೀಮಬಾನು ಫೋನು ಮಾಡಿದಳು. ‘ಸಾಲು ತಿರುಗಿ ಬಂತು ಅಕ್ಕಾ. ನೂರಾ ಮೂವತ್ತೈದು ಹೆಸರು ಅದಾವ.’

ನೂರ ಐವತ್ತೆಂಟರಲ್ಲಿ ನೂರ ಮೂವತ್ತೈದು ಕಳೆದರೆ ಇಪ್ಪತ್ತಮೂರು. ಅದರಲ್ಲಿ ಒಂದು ಅವಳದೇ ಮನೆ, ಮಿಕ್ಕ ಇಪ್ಪತ್ತೆರಡು ಮನೆಗಳ ಬಾಗಿಲು ಅವಳಿಗೆ ಗೊತ್ತಿಲ್ಲ. ಬದುಕಿ ಉಳಿದವರಲ್ಲೂ ಎಷ್ಟು ಜನರ ಎದೆಯೊಳಗೆ ಪುಡಿ ಆಗಲೇ ಗಟ್ಟಿಯಾಗಿತ್ತೆಂದು ಶಮೀಮಬಾನು ಹೇಳಲಿಲ್ಲ, ಅವಳು ಕೇಳಲಿಲ್ಲ.

ಫೋನು ಇಟ್ಟು ಅವಳು ಮಾರ್ಚ್ ತಿಂಗಳ ಹಳೆಯ ಚರ್ಚಾಪುಟ ತೆರೆದಳು. ಹೆಸರಿಲ್ಲದ ಆ ಒಂದು ಸಾಲು ಅಲ್ಲಿಯೇ ಇತ್ತು. ಅದರ ಕೆಳಗೆ ಅವಳ ಆರು ಪದ. ಅವಳು ತನ್ನ ಉತ್ತರವನ್ನು ಅಳಿಸಿದಳು. ಕೂಡಲೇ ಪಕ್ಕದಲ್ಲಿ ಕೆಂಪು ಗುರುತು ಮೂಡಿತು: ಉತ್ತರ ಬಾಕಿ. ಹೊಸ ಉತ್ತರಕ್ಕೆ ಜಾಗ ತೆರೆದುಕೊಂಡು ಕಾಯುತ್ತಿತ್ತು. ಅವಳು ಒಂದು ಸಾಲು ಬರೆದಳು, ಒರೆಸಿದಳು. ಇನ್ನೊಂದು ಬರೆದಳು, ಅದನ್ನೂ ಒರೆಸಿದಳು. ಮೂರನೆಯದನ್ನು ಬರೆಯಲಿಲ್ಲ.

ಪುಟದ ಮೇಲ್ಗಡೆ ಅವಳ ಹೆಸರಿನ ಮುಂದೆ ಹನ್ನೊಂದು ವರ್ಷ ಸೊನ್ನೆಯಿದ್ದ ಜಾಗದಲ್ಲಿ ಈಗ ಒಂದು ಇತ್ತು. ಅದು ಇವತ್ತಿಗೂ ಹಾಗೆಯೇ ಇದೆ.